ಸಮೋನ್ನತಿ ರೇಖೆಯ ಉಗಮ ಮತ್ತು ಪ್ರಸಾರ

ಭೂಪಟದ ಮೇಲೆ ನೆಲದ ಏರುತಗ್ಗುಗಳನ್ನು ತೋರಿಸುವ ಸಮೋನ್ನತಿ ರೇಖೆಯನ್ನು ಮೊಟ್ಟಮೊದಲು ಬಳಸಿದವರು ಯಾರು ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಉತ್ತರ ದೊರೆಯುತ್ತದೆ. ವ್ಯಕ್ತಿ, ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಹಟನ್. ಸ್ಥಳ, ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟ. ಕಾಲ, ೧೭೭೪ರಿಂದ ೧೭೭೮ರವರೆಗಿನ ನಾಲ್ಕು ವರ್ಷ. ಈ ಉತ್ತರವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದನ್ನು ಒಪ್ಪಿಕೊಂಡು ಮುಂದೆ ಸಾಗಿದರೆ ಎರಡು ಸಂಗತಿಗಳು ನಮಗೆ ಅರ್ಥವಾಗದೆ ಉಳಿಯುತ್ತವೆ. ಹಟನ್ನನಿಗಿಂತ ಸುಮಾರು ಇನ್ನೂರು ವರ್ಷ ಮೊದಲೇ ಇದೇ ಬಗೆಯ ರೇಖೆ ನಕಾಶೆಗಳಲ್ಲಿ ಕಾಣಿಸಿಕೊಂಡಿತ್ತು. ಆದರೆ ಅದು ನೆಲದ ಮೇಲಲ್ಲ, ನೀರಿನ ಕೆಳಗೆ ಇತ್ತು. ಇನ್ನೊಂದು ಕಡೆ, ಹಟನ್ನನ ಪ್ರಬಂಧ ಅಚ್ಚಾದ ಮೇಲೆಯೂ ಐವತ್ತು ಅರವತ್ತು ವರ್ಷಗಳ ಕಾಲ ಯೂರೋಪಿನ ದೊಡ್ಡ ಮೋಜಣಿ ಇಲಾಖೆಗಳು ಬೆಟ್ಟಗಳನ್ನು ತೋರಿಸಲು ಬೇರೆಯೇ ವಿಧಾನವನ್ನು ಬಳಸಿದವು. ಇಷ್ಟು ಸರಳವಾದ ಕಲ್ಪನೆಯೊಂದು ನೀರಿನಿಂದ ನೆಲಕ್ಕೆ ಏರಲು ಎರಡು ಶತಮಾನ ಏಕೆ ಬೇಕಾಯಿತು? ಪ್ರಕೃತ ಲೇಖನದ ಮೊದಲ ಉದ್ದೇಶ ಈ ಪ್ರಶ್ನೆಯನ್ನು ಪರಿಶೀಲಿಸುವುದು. ಎರಡನೆಯದು, ಮೋಜಣಿ ಹಾಳೆಗಳನ್ನು ಆಧಾರವಾಗಿ ಇಟ್ಟುಕೊಂಡು ಬರೆಯುವ ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ರೇಖೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಿಸುವುದು.

ರೇಖೆಯ ಸ್ವರೂಪವನ್ನು ತಿಳಿಯಲು ಕನ್ನಡನಾಡಿನವರು ದೂರ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ತುಂಬಿ ಕೋಡಿ ಬಿದ್ದ ಕೆರೆಯನ್ನು ನೋಡಿದರೆ ಸಾಕು. ಏರಿಯಿಂದ ಹೊರಟು, ಕೆರೆಯ ಅಂಗಳದ ಸುತ್ತ ತಗ್ಗುಗಳೊಳಗೆ ನುಗ್ಗಿ, ದಿಣ್ಣೆಗಳನ್ನು ಬಳಸಿ, ಮತ್ತೆ ಏರಿಗೆ ಬಂದು ಸೇರುವ ನೀರಿನ ಅಂಚು ಕೋಡಿಯ ಎತ್ತರದಲ್ಲಿ ನೆಲದ ಮೇಲೆ ಬರೆದ ಸಮೋನ್ನತಿ ರೇಖೆಯೇ ಸರಿ. ನೀರು ಒಂದೊಂದು ಮೊಳ ಇಳಿದಂತೆ ಒಣಗಿದ ಕೆಸರಿನಲ್ಲಿ ಉಳಿಯುವ ಗೆರೆಗಳನ್ನು ಮೇಲಿನಿಂದ ನೋಡಿದಂತೆ ಕಾಗದಕ್ಕೆ ಇಳಿಸಿದರೆ ಅದೇ ಇಂದಿನ ಮೋಜಣಿ ಹಾಳೆಯ ಕಂದು ಬಣ್ಣದ ಗೆರೆಗಳ ಜಾಲ. ಗೆರೆಗಳು ಒತ್ತಾಗಿದ್ದಲ್ಲಿ ಇಳಿಜಾರು ಕಡಿದು. ವಿರಳವಾಗಿದ್ದಲ್ಲಿ ನೆಲ ಬಹುಮಟ್ಟಿಗೆ ಸಪಾಟು.

ಈ ಅರಿವು ಕೆರೆ ಕಟ್ಟಿಸಿದವರಿಗೆ ಇತ್ತೆಂಬುದರಲ್ಲಿ ಸಂಶಯವಿಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ೧೩೬೯ರ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಗಲಬಹುದಾದ ಆರು ದೋಷಗಳನ್ನೂ ಹೇಳುತ್ತದೆ. ಕೆರೆಯ ನಡುವೆ ನೆಲ ಆಮೆಯ ಬೆನ್ನಿನಂತೆ ಉಬ್ಬಿರುವುದು ಆ ದೋಷಗಳಲ್ಲಿ ಒಂದು. ನೀರು ತುಂಬುವ ಮೊದಲೇ ಒಂದು ಜಾಗದ ಏರುತಗ್ಗನ್ನು ಮನಸ್ಸಿನಲ್ಲಿ ಅಳೆಯಬಲ್ಲವರು ಮಾತ್ರ ಇಂಥ ಮಾತನ್ನು ಬರೆಸಬಲ್ಲರು. ಆದರೆ ಆ ಅರಿವು ನಕಾಶೆಯ ರೂಪವನ್ನು ತಾಳಲಿಲ್ಲ. ಹಾಗೆ ತಾಳಬೇಕಾದ ಅಗತ್ಯವೂ ಇರಲಿಲ್ಲ. ಕೆಲಸ ನಡೆಯುತ್ತಿದ್ದುದು ಸ್ಥಳದಲ್ಲಿ, ಕಟ್ಟಿಸುವವನ ಕಣ್ಣೆದುರಿನಲ್ಲಿ. ಸ್ಥಳಕ್ಕೆ ಬಾರದವನು ದೂರದಲ್ಲಿ ಕುಳಿತು ತೀರ್ಮಾನ ಮಾಡಬೇಕಾದಾಗ ಮಾತ್ರ ಎತ್ತರವನ್ನು ಕಾಗದದ ಮೇಲೆ ಬರೆಯುವ ಅಗತ್ಯ ಬೀಳುತ್ತದೆ. ಮುಂದಿನ ಚರಿತ್ರೆಯನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮಗೆ ತಿಳಿದಿರುವ ಮೊದಲ ನಿದರ್ಶನ ಹಾಲೆಂಡಿನದು. ಪೀಟರ್ ಬ್ರೂಯಿನ್ಸ್ ಎಂಬ ಮೋಜಣಿದಾರನು ೧೫೮೪ರಲ್ಲಿ ಹಾರ್ಲೆಮ್ ನಗರದ ಬಳಿಯ ಸ್ಪಾರ್ನೆ ನದಿಯ ಹಸ್ತಲಿಖಿತ ನಕಾಶೆಯೊಂದರಲ್ಲಿ ಸಮಾನ ಆಳದ ಸ್ಥಳಗಳನ್ನು ಕೂಡಿಸಿ ಗೆರೆ ಎಳೆದನು. ೧೬೯೭ರಲ್ಲಿ ಪಿಯರ್ ಆನ್ಸೆಲಿನ್ ರಾಟರ್‌ಡ್ಯಾಮಿನ ಬಳಿಯ ಮಾಸ್ ನದಿಯನ್ನು ಇದೇ ರೀತಿಯಲ್ಲಿ ಚಿತ್ರಿಸಿದನು. ೧೭೩೦ರ ಸುಮಾರಿನಲ್ಲಿ ಕ್ರೂಕ್ವಿಯಸ್ ಎಂಬ ಎಂಜಿನಿಯರು ಮೆರ್ವೆಡೆ ನದಿಯ ತಳವನ್ನು ಕ್ರಮವಾದ ಅಂತರಗಳ ರೇಖೆಗಳಿಂದ ತೋರಿಸಿದನು. ಫ್ರಾನ್ಸಿನ ಫಿಲಿಪ್ ಬುವಾಶ್ ೧೭೩೭ರಲ್ಲಿ ಸಿದ್ಧಪಡಿಸಿ ೧೭೫೨ರಲ್ಲಿ ಬೆಳಕಿಗೆ ತಂದ ಇಂಗ್ಲಿಷ್ ಕಾಲುವೆಯ ನಕಾಶೆಯಲ್ಲಿ ಹತ್ತು ಹತ್ತು ಫ್ಯಾದಮ್‌ಗಳ ಅಂತರದ ರೇಖೆಗಳಿದ್ದವು. ಇವರಿಗೆಲ್ಲ ನಡುವೆ ಒಂದು ಬೇರೆಯ ಕವಲನ್ನೂ ಹೇಳಬೇಕು: ಎಡ್ಮಂಡ್ ಹ್ಯಾಲಿ ೧೭೦೧ರಲ್ಲಿ ಪ್ರಕಟಿಸಿದ ಅಟ್ಲಾಂಟಿಕ್ ಸಾಗರದ ನಕಾಶೆ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ಓರೆಯಾಗುತ್ತದೆಂಬುದನ್ನು ಆತನು ತನ್ನ ನೌಕಾಯಾನದಲ್ಲಿ ಅಳೆದು, ಸಮಾನ ಓರೆಯ ಸ್ಥಳಗಳನ್ನು ರೇಖೆಗಳಿಂದ ಕೂಡಿಸಿದನು. ಕಣ್ಣಿಗೆ ಎಲ್ಲೂ ಕಾಣದ ಒಂದು ಪರಿಮಾಣವನ್ನು ಗೆರೆಯಿಂದ ಕಾಣಿಸಬಹುದೆಂಬ ನಂಬಿಕೆ ವಿದ್ವಾಂಸರಲ್ಲಿ ಬೇರೂರಲು ಈ ನಕಾಶೆ ಬಹಳ ಸಹಾಯಕವಾಯಿತು.

ನೀರು ಮೊದಲು, ನೆಲ ಅನಂತರ ಎಂಬ ಈ ಕ್ರಮಕ್ಕೆ ನಾವಿಕರ ಅಗತ್ಯವೇ ಕಾರಣವೆಂದು ಹೇಳುವುದು ವಾಡಿಕೆ. ಹಡಗಿನ ತಳ ಮರಳಿಗೆ ತಾಗದಿರಬೇಕಾದರೆ ಆಳ ತಿಳಿಯಬೇಕು, ಇದು ನಿಜವೇ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಮಾಪನದ ರೀತಿಯಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಆಳವನ್ನಾಗಲಿ ಎತ್ತರವನ್ನಾಗಲಿ ಅಳೆಯಲು ಎಲ್ಲ ಕಡೆಯೂ ಒಂದೇ ಆಗಿರುವ ಆಧಾರ ಮಟ್ಟವೊಂದು ಬೇಕು. ನೀರಿನಲ್ಲಿ ಆ ಮಟ್ಟ ತಾನಾಗಿಯೇ ಸಿದ್ಧವಾಗಿರುತ್ತದೆ; ದೋಣಿಯಿಂದ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಎಲ್ಲಿ ಇಳಿಬಿಟ್ಟರೂ ಅಳತೆ ಅದೇ ಮೇಲ್ಮೈಯಿಂದ ಆರಂಭವಾಗುತ್ತದೆ. ಉಬ್ಬರವಿಳಿತದ ವ್ಯತ್ಯಾಸವನ್ನು ಕಳೆದರೆ ಕೆಲಸ ಮುಗಿಯಿತು. ನೆಲದ ಮೇಲೆ ಅಂಥ ಮಟ್ಟ ಯಾವುದೂ ಇಲ್ಲ. ರಸಮಟ್ಟ ಮತ್ತು ದೂರದರ್ಶಕಗಳಿಂದ, ಅಳತೆಯ ಕೋಲನ್ನು ಮುಂದಕ್ಕೂ ಹಿಂದಕ್ಕೂ ನಿಲ್ಲಿಸುತ್ತ, ಹೆಜ್ಜೆಹೆಜ್ಜೆಗೂ ಆ ಮಟ್ಟವನ್ನು ಹೊತ್ತುಕೊಂಡು ಹೋಗಬೇಕು. ಒಂದು ಬೆಟ್ಟದ ಸುತ್ತ ಒಂದೇ ಒಂದು ಗೆರೆಯನ್ನು ಈ ರೀತಿಯಲ್ಲಿ ನಿಜವಾಗಿ ಅಳೆದು ಬರೆಯಬೇಕಾದರೆ ದಿನಗಟ್ಟಲೆಯ ಶ್ರಮ. ಒಂದು ದೇಶಕ್ಕೆ ಎಷ್ಟು ಬೇಕು? ಆದ್ದರಿಂದ ಕಲ್ಪನೆಯ ಕೊರತೆಯಿಂದ ಈ ವಿಳಂಬವಾಯಿತೆಂದು ಹೇಳುವುದು ಹದಿನೆಂಟನೆಯ ಶತಮಾನದವರಿಗೆ ಮಾಡುವ ಅನ್ಯಾಯ. ಅವರಿಗೆ ಕೊರತೆಯಾದದ್ದು ಅಂಕಿಗಳು, ಅವುಗಳನ್ನು ಸಂಪಾದಿಸಲು ಬೇಕಾದ ಹಣ.

ಹಟನ್ನನ ಪ್ರಸಂಗವು ಈ ವಾದಕ್ಕೆ ಪೋಷಕವಾಗಿಯೇ ಇದೆ. ೧೭೭೪ರಲ್ಲಿ ರಾಜಖಗೋಳಜ್ಞ ನೆವಿಲ್ ಮಾಸ್ಕೆಲಿನ್ ಶಿಹಾಲಿಯನ್ ಬೆಟ್ಟದ ಉತ್ತರ ದಕ್ಷಿಣ ಪಕ್ಕಗಳಲ್ಲಿ ತೂಗುಗುಂಡನ್ನು ಇಳಿಬಿಟ್ಟು, ಬೆಟ್ಟದ ಆಕರ್ಷಣೆಯಿಂದ ಅದು ಎಷ್ಟು ಓರೆಯಾಗುತ್ತದೆಂಬುದನ್ನು ನಕ್ಷತ್ರಗಳ ಸಹಾಯದಿಂದ ಅಳೆದನು. ಎರಡೂ ಕಡೆಯ ಓರೆ ಸೇರಿ ಸುಮಾರು ೧೧.೬ ವಿಕಲೆಯಾಯಿತು. ಬೆಟ್ಟದ ಗಾತ್ರ ತಿಳಿದರೆ ಇದರಿಂದ ಇಡೀ ಭೂಮಿಯ ಸಾಂದ್ರತೆಯನ್ನು ಲೆಕ್ಕ ಹಾಕಬಹುದಾಗಿತ್ತು. ಗಾತ್ರವನ್ನು ಕಂಡುಹಿಡಿಯುವ ಭಾರ ಹಟನ್ನನ ಮೇಲೆ ಬಿತ್ತು. ಮೋಜಣಿದಾರರು ಬೆಟ್ಟದ ಮೇಲೆ ಅಲ್ಲಲ್ಲಿ ಅಳೆದು ತಂದಿದ್ದ ಎತ್ತರದ ಅಂಕಿಗಳು ಕಾಗದದ ತುಂಬ ಚೆದರಿದ್ದವು. ಬೆಟ್ಟವನ್ನು ನೂರಾರು ಕಂಬಗಳಾಗಿ ಭಾಗಿಸಿ ಒಂದೊಂದರ ಎತ್ತರವನ್ನು ಗೊತ್ತುಮಾಡಬೇಕಾಗಿದ್ದ ಆತನು, ಸಮಾನ ಎತ್ತರದ ಬಿಂದುಗಳನ್ನು ತೆಳುವಾದ ಗೆರೆಯಿಂದ ಕೂಡಿಸಿದರೆ ನಡುವಣ ಜಾಗಗಳ ಎತ್ತರವೂ ಸುಲಭವಾಗಿ ತಿಳಿಯುತ್ತದೆಂಬುದನ್ನು ಕಂಡುಕೊಂಡನು. ೧೭೭೮ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂದ ಲೆಕ್ಕದಂತೆ ಭೂಮಿಯ ಸಾಂದ್ರತೆ ನೀರಿನ ನಾಲ್ಕೂವರೆಯಷ್ಟು. ಇಂದಿನ ಅಂಕಿ ಐದೂವರೆ. ಗಮನಿಸಬೇಕಾದ ಸಂಗತಿಯೆಂದರೆ, ಹಟನ್ನನಿಗೆ ಈ ಗೆರೆಗಳು ಲೆಕ್ಕದ ಉಪಕರಣವಾಗಿದ್ದವು. ಬೆಟ್ಟವನ್ನು ಜನರಿಗೆ ತೋರಿಸುವ ಉದ್ದೇಶ ಆತನಿಗೆ ಇರಲಿಲ್ಲ.

ಈ ಬೆಟ್ಟದ ಅಳತೆಯಲ್ಲಿ ದುಡಿದವರಲ್ಲಿ ರೂಬೆನ್ ಬರೋ ಒಬ್ಬನು. ತನ್ನ ಶ್ರಮಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲವೆಂದು ಮಾಸ್ಕೆಲಿನ್ನನ ಮೇಲೆ ಮುನಿಸಿಕೊಂಡಿದ್ದ ಆತನು ಮುಂದೆ ಭಾರತಕ್ಕೆ ಬಂದು, ಬಂಗಾಳದಲ್ಲಿ ಅಕ್ಷಾಂಶದ ಡಿಗ್ರಿಯನ್ನು ಅಳೆದು, ಹಿಂದೂ ಗಣಿತದ ವಿಷಯವಾಗಿ ‘ಏಷ್ಯಾಟಿಕ್ ರಿಸರ್ಚಸ್’ ಪತ್ರಿಕೆಯಲ್ಲಿ ಬರೆದು, ೧೭೯೨ರಲ್ಲಿ ಬಕ್ಸಾರಿನಲ್ಲಿ ತೀರಿಕೊಂಡನು. ಸಮೋನ್ನತಿ ರೇಖೆಯ ಮೊದಲ ಪ್ರಸಿದ್ಧ ಪ್ರಯೋಗದಲ್ಲಿ ಭಾಗಿಯಾದವನು ಇಲ್ಲಿಗೆ ಬಂದರೂ ರೇಖೆ ಮಾತ್ರ ಆತನ ಜೊತೆಯಲ್ಲಿ ಬರಲಿಲ್ಲ.

ಫ್ರಾನ್ಸಿನಲ್ಲಿ ವಿಷಯ ಬೇರೆ ದಾರಿಯಲ್ಲಿ ಬೆಳೆಯಿತು. ಡ್ಯು ಕಾರ್ಲಾ ಎಂಬಾತನು ನೆಲದ ನಕಾಶೆಗೆ ಈ ರೇಖೆಗಳನ್ನು ಅನ್ವಯಿಸುವ ವಿಧಾನವನ್ನು ೧೭೭೧ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು; ಅದು ೧೭೮೨ರಲ್ಲಿ ಅಚ್ಚಾಯಿತು. ಅದನ್ನು ಪ್ರಕಟಿಸಿದ ದ್ಯುಪೆಂ-ತ್ರಿಯೆಲ್ ತಾನೇ ೧೭೯೧ರಲ್ಲಿ ಇಡೀ ಫ್ರಾನ್ಸಿನ ನಕಾಶೆಯೊಂದನ್ನು ಸಮೋನ್ನತಿ ರೇಖೆಗಳಿಂದ ಬರೆದನು. ಕಲ್ಪನೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಆದರೆ ಅಷ್ಟು ವಿಶಾಲವಾದ ದೇಶಕ್ಕೆ ಆಗ ದೊರೆಯುತ್ತಿದ್ದ ಎತ್ತರದ ಅಳತೆಗಳು ತೀರ ವಿರಳ. ಕ್ಯಾಸಿನಿ ಮನೆತನದವರ ಪ್ರಖ್ಯಾತವಾದ ೧:೮೬,೪೦೦ ಪ್ರಮಾಣದ ನಕಾಶೆಯೂ ಊರುಗಳ ಸ್ಥಾನವನ್ನು ತ್ರಿಕೋನ ಮಾಪನದಿಂದ ನಿಖರವಾಗಿ ತೋರಿಸಿ, ಬೆಟ್ಟಗಳ ವಿಷಯದಲ್ಲಿ ಒರಟು ಗೀಟುಗಳಿಂದಲೇ ತೃಪ್ತವಾಗಿತ್ತು. ರೇಖೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕೋಟೆ ಕಟ್ಟುವ ಎಂಜಿನಿಯರುಗಳಲ್ಲಿ. ಎದುರಿನ ದಿಣ್ಣೆಯ ಮೇಲಿಂದ ಹಾರಿಸಿದ ಗುಂಡು ಕೋಟೆಯ ಒಳಗೆ ಬೀಳುವುದೇ ಇಲ್ಲವೇ ಎಂಬುದನ್ನು ನಿರ್ಧರಿಸಲು ಅವರಿಗೆ ಚಿತ್ರ ಸಾಲದು, ಅಂಕಿ ಬೇಕು. ಜಾಗವೂ ಚಿಕ್ಕದಾದ್ದರಿಂದ ಅಳೆಯುವುದು ಸಾಧ್ಯ. ಆಕ್ಸೋ ಎಂಬ ಎಂಜಿನಿಯರು ೧೮೦೧ರಲ್ಲಿ ಉತ್ತರ ಇಟಲಿಯ ರೊಕ್ಕಾ ದಾನ್ಫೋ ಕೋಟೆಗಾಗಿ ೧:೫೦೦ ಪ್ರಮಾಣದಲ್ಲಿ ಬರೆದ ನಕಾಶೆ ಇದಕ್ಕೆ ಉದಾಹರಣೆ.

ಕೋಟೆಯ ಎಂಜಿನಿಯರಿಗೆ ಹಿಡಿಸಿದ್ದು ಸೇನಾಪತಿಗೆ ಹಿಡಿಸಲಿಲ್ಲ. ಸ್ಯಾಕ್ಸನಿಯ ಸೇನಾಧಿಕಾರಿ ಯೋಹಾನ್ ಗೆಯೋರ್ಗ್ ಲೇಮನ್ ೧೭೯೯ರಲ್ಲಿ ಹ್ಯಾಷೂರ್ ಎಂಬ ಇಳಿಜಾರುಗೆರೆಗಳ ಪದ್ಧತಿಗೆ ನಿಯಮಗಳನ್ನು ರಚಿಸಿದನು. ಇಳುಕಲು ಹರಿಯುವ ದಿಕ್ಕಿನಲ್ಲಿ ಸಣ್ಣ ಸಣ್ಣ ಗೀಟುಗಳು. ಇಳಿಜಾರು ಕಡಿದಾದಷ್ಟೂ ಗೀಟು ದಪ್ಪ. ನಲವತ್ತೈದು ಡಿಗ್ರಿಗೆ ಕಾಗದವೆಲ್ಲ ಕಪ್ಪು. ಕುದುರೆಯ ಮೇಲೆ ಕುಳಿತು ನಕಾಶೆ ಬಿಡಿಸಿದವನಿಗೆ ಎಲ್ಲಿ ಫಿರಂಗಿ ಏರಲಾರದು, ಎಲ್ಲಿ ಪದಾತಿ ಇಳಿಯಬಹುದು ಎಂಬುದು ಒಂದೇ ನೋಟದಲ್ಲಿ ತಿಳಿಯುತ್ತಿತ್ತು. ಹ್ಯಾಷೂರನ್ನು ಹಿಂದುಳಿದ ಪದ್ಧತಿಯೆಂದು ಪಠ್ಯಪುಸ್ತಕಗಳು ತಳ್ಳಿಹಾಕುವುದುಂಟು. ಅದು ಸರಿಯಲ್ಲ. ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ: ಎಷ್ಟು ಎತ್ತರ ಎಂಬುದಕ್ಕಲ್ಲ, ಎಷ್ಟು ಕಡಿದು ಎಂಬುದಕ್ಕೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಸೇನಾ ನಕಾಶೆಯ ವಿಷಯದಲ್ಲಿ ಒಂದು ವಿಚಿತ್ರವಾದ ಸಂಗತಿಯಿದೆ. ಕ್ಷೇತ್ರದಲ್ಲಿ ೧:೪೦,೦೦೦ ಪ್ರಮಾಣದಲ್ಲಿ ಸಿದ್ಧವಾಗುತ್ತಿದ್ದ ಮೂಲ ಪ್ರತಿಗಳಲ್ಲಿ ಸಮೋನ್ನತಿ ರೇಖೆಗಳಿದ್ದವು. ಅವುಗಳ ಆಧಾರದಿಂದ ಹ್ಯಾಷೂರುಗಳನ್ನು ರಚಿಸಿ, ೧:೮೦,೦೦೦ದ ಅಚ್ಚಿನ ಹಾಳೆಯಲ್ಲಿ ಹ್ಯಾಷೂರುಗಳನ್ನು ಮಾತ್ರ ಮುದ್ರಿಸುತ್ತಿದ್ದರು. ರೇಖೆಯನ್ನು ಬಲ್ಲವರೇ ಓದುಗರ ಕಣ್ಣಿನಿಂದ ಅದನ್ನು ಮರೆಮಾಡಿದರು. ಬ್ರಿಟಿಷರ ಆರ್ಡ್‌ನೆನ್ಸ್ ಸರ್ವೆ ಐರ್ಲೆಂಡಿನ ಡಾನಿಗಾಲ್ ಪ್ರಾಂತದಲ್ಲಿ ೧೮೩೦ರ ದಶಕದ ಕೊನೆಯಲ್ಲಿ ನಡೆಸಿದ ಪ್ರಯೋಗದ ಅನಂತರವೇ ರೇಖೆಯನ್ನು ಕ್ರಮವಾಗಿ ಕೈಗೆತ್ತಿಕೊಂಡಿತು. ಆ ಹೊತ್ತಿಗೆ ರೈಲುದಾರಿ, ನೀರಿನ ಕಾಲುವೆ, ಚರಂಡಿಗಳ ಯುಗ ಆರಂಭವಾಗಿತ್ತು. ಅವಕ್ಕೆ ಅಡಿ ಅಂಗುಲಗಳಲ್ಲಿ ಎತ್ತರ ಬೇಕಾಗಿತ್ತು.

ಇನ್ನು ನಮ್ಮ ದೇಶದ ವಿಚಾರ. ಮೈಸೂರು ರಾಜ್ಯ ೧೭೯೯ರಲ್ಲಿ ಟಿಪ್ಪುವಿನ ಪತನದಿಂದ ಬ್ರಿಟಿಷರ ಪ್ರಭಾವಕ್ಕೆ ಒಳಗಾದ ಕೂಡಲೆ ಎರಡು ಮೋಜಣಿಗಳು ಹೊರಟವು. ಕಾಲಿನ್ ಮೆಕೆಂಜಿಯದು ಸ್ಥಳವರ್ಣನೆಯ ಮೋಜಣಿ. ಊರು, ಕೆರೆ, ಬೆಟ್ಟ, ದಾರಿ, ಎಲ್ಲೆಕಟ್ಟು, ಜನಸ್ಥಿತಿಗಳೆಲ್ಲ ಅದರ ವ್ಯಾಪ್ತಿಗೆ ಸೇರಿದ್ದವು. ಕಾವಲಿ ಬೊರಯ್ಯನಂಥ ಸಹಾಯಕರಿಂದ ಆತನು ಶಾಸನ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಥೆ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ವಿಲಿಯಂ ಲ್ಯಾಂಬ್ಟನ್ನನದು ತ್ರಿಕೋನ ಮಾಪನ. ಬೆಂಗಳೂರಿನ ಬಳಿ ೧೮೦೦ರಲ್ಲಿ ಆಧಾರರೇಖೆಯೊಂದನ್ನು ಅಳೆದು, ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿಯ ಆಧಾರರೇಖೆಯಿಂದ ಆತನು ಕೈಗೊಂಡ ಕಾರ್ಯವೇ ಬೆಳೆದು ಮಹಾ ತ್ರಿಕೋನ ಮಾಪನವಾಯಿತು. ಈ ಎರಡರಲ್ಲಿ ಯಾವುದೂ ಸಮೋನ್ನತಿ ರೇಖೆಯನ್ನು ಕೊಡಲಿಲ್ಲ. ೧೮೨೭ರಿಂದ ಹೊರಬರತೊಡಗಿದ, ನಾಲ್ಕು ಮೈಲಿಗೆ ಒಂದು ಅಂಗುಲದ ‘ಅಟ್ಲಾಸ್ ಆಫ್ ಇಂಡಿಯಾ’ ಹಾಳೆಗಳಲ್ಲಿಯೂ ಘಟ್ಟಗಳು ಹ್ಯಾಷೂರಿನ ರೂಪದಲ್ಲಿಯೇ ಇವೆ.

ಇದನ್ನು ಕಂಡು, ಲ್ಯಾಂಬ್ಟನ್ನನ ಪರಂಪರೆಯವರಿಗೆ ಎತ್ತರ ಅಳೆಯುವುದು ತಿಳಿದಿರಲಿಲ್ಲವೆಂದು ಭಾವಿಸಬಾರದು. ಹಿಮಾಲಯದ ಹದಿನೈದನೆಯ ಶಿಖರ ೨೯,೦೦೨ ಅಡಿ ಎತ್ತರವೆಂದು ೧೮೫೬ರಲ್ಲಿ ಪ್ರಕಟಿಸಿದವರು ಅವರೇ. ಆದರೆ ಶಿಖರದ ಎತ್ತರ ತಿಳಿಯುವುದು ಬೇರೆ, ಶಿಖರದಿಂದ ಕಣಿವೆಯವರೆಗಿನ ಮೈ ತಿಳಿಯುವುದು ಬೇರೆ. ಮೊದಲನೆಯದಕ್ಕೆ ದೂರದಿಂದ ನೋಡುವ ಥಿಯೊಡೊಲೈಟ್ ಸಾಕು. ಎರಡನೆಯದಕ್ಕೆ ಪ್ರತಿಯೊಂದು ಮಟ್ಟಿ, ಪ್ರತಿಯೊಂದು ಕೊಳ್ಳವನ್ನೂ ಮೋಜಣಿದಾರನು ಕಣ್ಣಾರೆ ಕಾಣಬೇಕು. ಸಮುದ್ರಮಟ್ಟದಿಂದ ದೇಶದ ಒಳಕ್ಕೆ ರಸಮಟ್ಟದಿಂದ ಎತ್ತರವನ್ನು ಸಾಗಿಸುವ ಕಾರ್ಯ ೧೮೫೮ರಲ್ಲಿ ಆರಂಭವಾಯಿತು. ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತವನ್ನು ಗಮನಿಸಿ ಗೊತ್ತುಮಾಡಿದ ಸರಾಸರಿ ಸಮುದ್ರಮಟ್ಟಕ್ಕೆ ಈ ಜಾಲವನ್ನೆಲ್ಲ ಹೊಂದಿಸಿದ್ದು ೧೯೦೯ರಲ್ಲಿ. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ೧೯೦೪-೦೫ರ ಸರ್ವೆ ಸಮಿತಿಯ ಶಿಫಾರಸಿನ ಮೇಲೆ ಬಣ್ಣದಲ್ಲಿ ಅಚ್ಚಾಗುವ ಹೊಸ ನಕಾಶೆಗಳ ಮಾಲೆ ಆರಂಭವಾಯಿತು. ಮೈಲಿಗೆ ಒಂದು ಅಂಗುಲದ ಹಾಳೆಗಳಲ್ಲಿ ಕಂದು ಬಣ್ಣದ ಸಮೋನ್ನತಿ ರೇಖೆ ನಮ್ಮಲ್ಲಿ ನೆಲೆಯೂರಿದ್ದು ಆಗ. ಸ್ಪಾರ್ನೆ ನದಿಯ ನಕಾಶೆಯಿಂದ ಎಣಿಸಿದರೆ ಮುನ್ನೂರ ಇಪ್ಪತ್ತು ವರ್ಷ.

ಈ ಹಾಳೆಗಳ ರೇಖೆಗಳನ್ನು ಬರೆದ ಬಗೆಯನ್ನು ತಿಳಿದುಕೊಳ್ಳುವುದು ಇತಿಹಾಸಕಾರನಿಗೆ ಅವಶ್ಯಕ. ಮೋಜಣಿದಾರನು ಪ್ಲೇನ್ ಟೇಬಲ್ಲನ್ನು ಖಲಾಸಿಗಳಿಂದ ಹೊರಿಸಿಕೊಂಡು ಎತ್ತರದ ಜಾಗವೊಂದಕ್ಕೆ ಏರುತ್ತಿದ್ದನು. ಕ್ಲಿನೊಮೀಟರಿನಿಂದ ಸುತ್ತಣ ಕೆಲವು ಬಿಂದುಗಳ ಎತ್ತರವನ್ನು ಕಂಡುಹಿಡಿದು, ಅವುಗಳ ನಡುವಣ ನೆಲದ ಮೈಯನ್ನು ಕಣ್ಣಿನಿಂದ ನೋಡುತ್ತ ರೇಖೆಗಳನ್ನು ಎಳೆಯುತ್ತಿದ್ದನು. ಆದಕಾರಣ ರೇಖೆಯ ಪ್ರತಿಯೊಂದು ಅಂಗುಲವೂ ಅಳತೆಯ ಫಲವಲ್ಲ. ಕೆಲವು ಅಳತೆಗಳ ನಡುವೆ ಅನುಭವಿಯೊಬ್ಬನ ಕಣ್ಣು ಮಾಡಿದ ತೀರ್ಮಾನ. ಬಯಲಿನಲ್ಲಿ ಆ ತೀರ್ಮಾನ ಬಹುಮಟ್ಟಿಗೆ ನಿಲ್ಲುತ್ತದೆ. ದಟ್ಟವಾದ ಮಲೆನಾಡಿನ ಕಾಡಿನಲ್ಲಿ ಕಣ್ಣಿಗೆ ಕಾಣುವುದು ಮರದ ತಲೆಗಳು ಮಾತ್ರ. ಇಂಥ ಕೆಲಸವನ್ನು ಮಾಡಿದ ನೂರಾರು ಭಾರತೀಯ ಮೋಜಣಿದಾರರ ಹೆಸರುಗಳು ಹಾಳೆಯ ಅಂಚಿನಲ್ಲಿ ಕಾಣುವುದಿಲ್ಲ, ಖಲಾಸಿಗಳದಂತೂ ಎಲ್ಲಿಯೂ ಇಲ್ಲ.

ಇತಿಹಾಸ ಬರೆಯುವವರು ಇಲ್ಲಿ ಮೂರು ಕಡೆ ಎಡವುವುದನ್ನು ಕಾಣುತ್ತೇವೆ. ಮೊದಲನೆಯದು ಕಾಲದ ಗೊಂದಲ. ಶ್ರೀರಂಗಪಟ್ಟಣದ ೧೭೯೯ರ ಮುತ್ತಿಗೆಯನ್ನು ಇಪ್ಪತ್ತನೆಯ ಶತಮಾನದ ಹಾಳೆಯ ರೇಖೆಗಳಿಂದ ವಿವರಿಸುವ ಪ್ರಬಂಧಗಳು ಪರೀಕ್ಷೆಗೆ ಬರುತ್ತವೆ. ಮೇ ೪ರಂದು ಸೈನ್ಯ ಕಾವೇರಿಯನ್ನು ದಾಟಿ ವಾಯವ್ಯ ಮೂಲೆಯ ಒಡಕಿಗೆ ನುಗ್ಗಿದ್ದು ಮುಂಗಾರಿಗೆ ಮೊದಲು ನದಿಯಲ್ಲಿ ನೀರು ತಗ್ಗಿದ್ದ ಕಾರಣದಿಂದ. ಆ ದಿನದ ನೀರಿನ ಮಟ್ಟವನ್ನು ಯಾವ ಸಮೋನ್ನತಿ ರೇಖೆಯೂ ಹೇಳದು. ಎರಡನೆಯದು ಅಂತರದ ವಿಷಯ. ಐವತ್ತು ಅಡಿಗೆ ಒಂದು, ಅಥವಾ ಈಗಿನ ೧:೫೦,೦೦೦ದ ಹಾಳೆಗಳಲ್ಲಿರುವಂತೆ ಇಪ್ಪತ್ತು ಮೀಟರಿಗೆ ಒಂದು ರೇಖೆ ಎಳೆದಾಗ, ಅದಕ್ಕಿಂತ ಕಡಿಮೆ ಎತ್ತರದ ದಿಬ್ಬ ಎರಡು ರೇಖೆಗಳ ನಡುವೆ ಸಂಪೂರ್ಣವಾಗಿ ಮರೆಯಾಗಬಹುದು. ಬಳ್ಳಾರಿ ರಾಯಚೂರು ಸೀಮೆಯ ನವಶಿಲಾಯುಗದ ಬೂದಿದಿಬ್ಬಗಳು ಕೆಲವೇ ಮೀಟರು ಎತ್ತರದವು. ರೇಖೆ ಇಲ್ಲವೆಂದ ಮಾತ್ರಕ್ಕೆ ದಿಬ್ಬವಿಲ್ಲವೆಂದು ತೀರ್ಮಾನಿಸಿದರೆ ನಮ್ಮ ಪ್ರಾಚೀನ ಚರಿತ್ರೆಯ ಒಂದು ಅಧ್ಯಾಯವೇ ತಪ್ಪಿಹೋಗುತ್ತದೆ.

ಮೂರನೆಯದು ಆಧಾರ ಮಟ್ಟದ ವಿಷಯ. ಇದರಲ್ಲಿ ವಿದ್ಯಾವಂತರೂ ಎಡವುವುದುಂಟು. ಕೃಷ್ಣರಾಜಸಾಗರದ ಪೂರ್ಣ ಮಟ್ಟ ೧೨೪.೮೦ ಅಡಿ, ಲಿಂಗನಮಕ್ಕಿಯದು ೧,೮೧೯ ಅಡಿ ಎಂದು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ. ಮೊದಲನೆಯದು ಅಣೆಕಟ್ಟಿನ ಬಳಿ ಗೊತ್ತುಮಾಡಿದ ಸ್ಥಳೀಯ ಆಧಾರದಿಂದ ಎಣಿಸಿದ ಅಂಕಿ, ಎರಡನೆಯದು ಸಮುದ್ರಮಟ್ಟದಿಂದ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸಿದರೆ ಅರ್ಥವಿಲ್ಲ.

ಸರ್ಕಾರಗಳ ಕೈಗೆ ಬಂದ ಮೇಲೆ ಈ ರೇಖೆ ಹೊಸ ಅಧಿಕಾರವನ್ನು ಪಡೆಯಿತೆಂಬುದನ್ನೂ ಇಲ್ಲಿ ಹೇಳಬೇಕು. ಮುಂಬಯಿ ಪ್ರಾಂತದ ೧೯೪೨ರ ಭೂಸುಧಾರಣಾ ಯೋಜನೆಗಳ ಕಾಯಿದೆಯ ಅನಂತರ, ಅಂದಿನ ಮುಂಬಯಿ ಕರ್ನಾಟಕದ ಒಣಭೂಮಿಗಳಲ್ಲಿ ಸಮಪಾತಳಿ ಬದುಗಳು ಹೊಲಗಳ ಗಡಿಯನ್ನು ಲೆಕ್ಕಿಸದೆ ಸಮಾನ ಎತ್ತರದ ಜಾಡು ಹಿಡಿದು ಸಾಗಿದವು. ಮಣ್ಣಿಗೂ ತೇವಕ್ಕೂ ಅದರಿಂದ ಉಪಕಾರವಾಯಿತು. ಆದರೆ ಹಿಡುವಳಿಯ ಅಡ್ಡಕ್ಕೆ ಬದು ಬಿದ್ದ ರೈತನಿಗೆ ತನ್ನ ಹೊಲದ ಎಲ್ಲೆಗಿಂತ ಎಂಜಿನಿಯರಿನ ಗೆರೆ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಜಲಾಶಯಗಳ ವಿಷಯದಲ್ಲಿ ಇದು ಇನ್ನೂ ಕಠೋರ. ಆಲಮಟ್ಟಿಯ ಎತ್ತರ ೫೧೯.೬೦ ಮೀಟರಿಗೆ ನಿಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೦ದಲ್ಲಿ ಹೇಳಿತು, ೫೨೪.೨೫೬ ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ ೨೦೧೦ರಲ್ಲಿ ತೀರ್ಪಿತ್ತಿತು. ಐದು ಮೀಟರಿಗೂ ಕಡಮೆಯಾದ ಈ ವ್ಯತ್ಯಾಸ ನ್ಯಾಯಾಲಯದ ಕಾಗದದಲ್ಲಿ ಒಂದು ಅಂಕಿ. ಕೃಷ್ಣೆಯ ದಂಡೆಯ ಊರುಗಳಲ್ಲಿ ಮನೆ ಉಳಿಯುವುದೋ ಮುಳುಗುವುದೋ ಎಂಬ ಪ್ರಶ್ನೆ. ದೂರದಲ್ಲಿ ಕುಳಿತು ತೀರ್ಮಾನ ಮಾಡುವವನಿಗೆ ಈ ರೇಖೆ ಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಅಮೆರಿಕದ ಆಕಾಶನೌಕೆ ೨೦೦೦ದ ಫೆಬ್ರವರಿಯಲ್ಲಿ ಹನ್ನೊಂದು ದಿನಗಳಲ್ಲಿ ಭೂಮಿಯ ನೆಲದ ಸುಮಾರು ಶೇಕಡ ೮೦ರಷ್ಟನ್ನು ರೇಡಾರಿನಿಂದ ಅಳೆದ ಮೇಲೆ, ಎತ್ತರದ ಅಂಕಿಗಳಿಗೆ ಕೊರತೆಯಿಲ್ಲದಂತಾಗಿದೆ. ಗಣಕಯಂತ್ರ ಕ್ಷಣದಲ್ಲಿ ರೇಖೆ ಎಳೆದುಕೊಡುತ್ತದೆ. ಆದರೆ ಹಳೆಯ ಹಾಳೆಗಳ ಬೆಲೆ ಇದರಿಂದ ಕುಂದಿಲ್ಲ. ರೇಡಾರು ಕಾಣುವುದು ಇಂದಿನ ನೀರಿನ ಮೇಲ್ಮೈಯನ್ನು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯುವುದಕ್ಕೆ ಮೊದಲು ಮೋಜಣಿಯಾದ ಹಾಳೆ ದೊರೆತಲ್ಲಿ, ಶರಾವತಿಯ ಕಣಿವೆಯ ಏರುತಗ್ಗುಗಳು, ಗದ್ದೆಬಯಲುಗಳು, ಮುಳುಗಡೆಯಾದ ಊರುಗಳ ದಾರಿಗಳು ಅದರಲ್ಲಿ ಮಾತ್ರ ಸಿಕ್ಕಬಲ್ಲವು. ಅಂಥ ಹಾಳೆಯಲ್ಲಿ ೧,೮೧೯ ಅಡಿಗಿಂತ ಕೆಳಗಿನ ಪ್ರತಿಯೊಂದು ಸಮೋನ್ನತಿ ರೇಖೆಯೂ ಇಂದು ಆಳದ ರೇಖೆಯಾಗಿದೆ. ಬ್ರೂಯಿನ್ಸನು ಸ್ಪಾರ್ನೆಯಲ್ಲಿ ಎಳೆದ ಗೆರೆಗೂ ಅದಕ್ಕೂ ಈಗ ವ್ಯತ್ಯಾಸವಿಲ್ಲ. ಮಲೆನಾಡಿನ ಜಿಲ್ಲೆಗಳ ಚರಿತ್ರೆಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಇಂಥ ಹಾಳೆಗಳನ್ನು ಹುಡುಕುವಾಗ ಮುದ್ರಣದ ವರ್ಷವನ್ನು ನೋಡಿ ತೃಪ್ತರಾಗದೆ, ಅಂಚಿನಲ್ಲಿ ಪ್ರತ್ಯೇಕವಾಗಿ ನಮೂದಿಸಿರುವ ಮೋಜಣಿಯ ವರ್ಷವನ್ನು ಗುರುತುಹಾಕಿಕೊಳ್ಳಬೇಕು. ಇವೆರಡರ ನಡುವೆ ಎಷ್ಟೋ ವೇಳೆ ಹಲವಾರು ವರ್ಷಗಳ ಅಂತರವಿರುತ್ತದೆ.